ಹೊರೆ ಹೊತ್ತವನ ಕಲ್ಲು

ನನ್ನ ಅಮ್ಮ ಮೂವತ್ತು ವರ್ಷ ಒಂದೇ ಕಲ್ಲಿನ ಮೇಲೆ ಬಟ್ಟೆ ಒಗೆದಳು. ಹಿತ್ತಲಲ್ಲಿ, ನಲ್ಲಿಯ ಪಕ್ಕ, ಇಟ್ಟಿಗೆಗಳ ಮೇಲೆ ಮಲಗಿಸಿದ ಕರಿ ಚಪ್ಪಡಿ. ಒಂದೊಂದು ಬಟ್ಟೆ ಎತ್ತಿ ಕುಕ್ಕುವಾಗಲೂ ಅವಳ ಬಾಯಿಂದ ಒಂದು ಬೈಗುಳ ಬೀಳುತ್ತಿತ್ತು. "ಮೆಲ್ಲಗೆ ಒಗಿಯಮ್ಮ, ಹರಿದುಹೋಗತ್ತೆ" ಅಂದರೆ, "ಹರೀಲಿ ಬಿಡೇ. ಪಂಡಿತರ ಬೆನ್ನು ಅಂದ್ಕೊಂಡು ಒಗೀತಿದೀನಿ" ಅನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಬಟ್ಟೆಗಳು ಬೇಗ ಹರಿಯುತ್ತಿದ್ದವು, ಬೆಳ್ಳಗಂತೂ ಇರುತ್ತಿದ್ದವು.

ಆ ಚಪ್ಪಡಿಯ ಕೆಳಮುಖದಲ್ಲಿ ಏನಿದೆ ಅನ್ನುವುದು ಅಮ್ಮನಿಗೂ ನನಗೂ ಮಾತ್ರ ಗೊತ್ತಿತ್ತು. ಅಪ್ಪನಿಗೆ ಗೊತ್ತಿತ್ತು, ಅವನು ಸತ್ತು ಇಪ್ಪತ್ತೆಂಟು ವರ್ಷವಾಗಿದೆ. ಪಂಡಿತರಿಗೂ ಗೊತ್ತಿತ್ತು. ಆದರೆ ಆ ಕಲ್ಲು ಎಂದೋ ಪುಡಿಯಾಗಿದೆ ಎಂದು ಅವರು ನೆಮ್ಮದಿಯಾಗಿದ್ದರು.

ನಮ್ಮದು ಪಡಿಯಚ್ಚು ತೆಗೆಯುವ ಕೆಲಸ. ಹಳೆ ಶಾಸನದ ಕಲ್ಲನ್ನು ತೊಳೆದು, ಅದರ ಮೇಲೆ ಒದ್ದೆ ಕಾಗದ ಹಾಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ಹೊಡೆಯಬೇಕು. ಕಾಗದ ಅಕ್ಷರದ ಗುಂಡಿಗಳೊಳಗೆ ಇಳಿಯಬೇಕು, ಹರಿಯಬಾರದು. ಅರ್ಧ ಒಣಗಿದ ಮೇಲೆ ಹತ್ತಿ ತುಂಬಿದ ಬಟ್ಟೆಯ ಗಂಟನ್ನು ಮಸಿಗೆ ಒತ್ತಿ, ಕಾಗದದ ಮೇಲೆ ತಟ್ಟುತ್ತ ಹೋಗಬೇಕು. ಉಬ್ಬಿದ ಜಾಗ ಕಪ್ಪಾಗುತ್ತದೆ, ಕೆತ್ತಿದ ಜಾಗ ಬೆಳ್ಳಗೆ ಉಳಿಯುತ್ತದೆ. ಕಣ್ಣಿಗೆ ಕಾಣದ ಅಕ್ಷರವೂ ಎದ್ದು ಬರುತ್ತದೆ. ಕಲ್ಲು ಎಲ್ಲಿದೆಯೋ ಅಲ್ಲೇ ಇರುತ್ತದೆ, ಅದರ ಮಾತು ಮಾತ್ರ ಕಾಗದದಲ್ಲಿ ಸುತ್ತಿಕೊಂಡು ನಮ್ಮ ಜೊತೆ ಬರುತ್ತದೆ.

ಈ ಕೆಲಸಕ್ಕೆ ಒಂದು ಕಟ್ಟುಪಾಡಿದೆ. ಅಚ್ಚಿನ ಅಂಚು ಕತ್ತರಿಸಬಾರದು. ಕೈಯಿಂದ ಮಾಡಿದ ಕಾಗದದ ನಾಲ್ಕೂ ಅಂಚು ಒರಟಾಗಿ, ಇದ್ದ ಹಾಗೇ ಇರಬೇಕು. ಕತ್ತರಿ ಬಿತ್ತೆಂದರೆ ಏನನ್ನೋ ಬಚ್ಚಿಟ್ಟಿದ್ದಾರೆ ಎಂದೇ ಲೆಕ್ಕ. "ಅಂಚು ಕತ್ತರಿಸಿದ ಅಚ್ಚು, ನಾಲಿಗೆ ಕತ್ತರಿಸಿದ ಸಾಕ್ಷಿ" ಎಂದು ತಮ್ಮ ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸಿದವರು ಬೇರೆ ಯಾರೂ ಅಲ್ಲ, ಇದೇ ಪಂಡಿತರು. ಈ ಮಾತು ನೆನಪಿಟ್ಟುಕೊಳ್ಳಿ.

ಅಪ್ಪ ಊರಿನ ಸಂಗ್ರಹಾಲಯದಲ್ಲಿ ಪಂಡಿತರ ಅಚ್ಚುಗಾರ. ಪಂಡಿತರು ಶಾಸನ ಓದಿ ಪುಸ್ತಕ ಬರೆಯುವವರು, ಗುಡ್ಡ ಹತ್ತಿದವರಲ್ಲ. ಅವರ ಮೊಣಕಾಲು ಬಿಡುತ್ತಿರಲಿಲ್ಲ, ಅಪ್ಪನ ಮೊಣಕಾಲು ಇತ್ತಲ್ಲ, ಸಾಕು. ಅಪ್ಪ ಕಾಗದದ ಸುರುಳಿ ಹೆಗಲಿಗೆ ಹಾಕಿಕೊಂಡು ಗುಡ್ಡದವರ ಊರುಗಳಿಗೆ ಹೋಗುತ್ತಿದ್ದ. ಅಲ್ಲಿಂದ ಅಚ್ಚಿನ ಜೊತೆ ಕಥೆಗಳನ್ನೂ ತರುತ್ತಿದ್ದ. ಗುಡ್ಡದವರು ತಮ್ಮ ಹಿಂದಿನವರ ಬಗ್ಗೆ ಒಂದು ಕಥೆ ಹೇಳುತ್ತಾರೆ. ಬಹಳ ಹಿಂದೆ, ಸೂರ್ಯ ಮುಳುಗುವ ಕಡೆಯಿಂದ ನಲವತ್ತು ಮನೆಯವರು ನಡೆದು ಬಂದರಂತೆ. ಮುಂದೆ ನಡೆದವನ ಹೆಗಲ ಮೇಲೆ ಒಂದು ಮರದ ತೊಲೆ. ಆ ತೊಲೆ ಅವನದಲ್ಲ. ಯಾರದೋ ಹೊರೆಯನ್ನು ಯಾರೋ ಬಲವಂತವಾಗಿ ಅವನ ಹೆಗಲಿಗೆ ಹೇರಿದ್ದರು. ಎಲ್ಲಿ ಇಳಿಸಬೇಕು ಎಂದು ಹೇಳುವವರು ಇರಲಿಲ್ಲ. ಹಾಗಾಗಿ ಇಳಿಸದೇ ನಡೆದ. ಅವನ ಹಿಂದೆ ಅವನ ಇಬ್ಬರು ಗಂಡುಮಕ್ಕಳು, ಅವರ ಹಿಂದೆ ನಲವತ್ತು ಮನೆ.

ನನಗೆ ಆಗ ಹದಿನಾಲ್ಕು ವರ್ಷ. ಕೈ ಪಳಗಲಿ ಎಂದು ಅಪ್ಪ ಹಿತ್ತಲಿಗೆ ಒಂದು ಕರಿ ಚಪ್ಪಡಿ ತಂದು ಹಾಕಿದ್ದ. ಹಳೆ ಲಿಪಿ ಕಲಿಸಿದ, ಉಳಿ ಕೊಟ್ಟ. "ಏನು ಬೇಕಾದ್ರೂ ಬರಿ ಮಗಾ, ಆಮೇಲೆ ಅದರದ್ದೇ ಅಚ್ಚು ತೆಗಿ" ಅಂದ. ನಾನು ಗುಡ್ಡದವರ ಕಥೆಯನ್ನೇ ಮೂರು ಸಾಲು ಕೆತ್ತಿದೆ. ಹೊರೆ ಹೊತ್ತವನು, ಇಬ್ಬರು ಮಕ್ಕಳ ತಂದೆ, ನಲವತ್ತು ಮನೆಗಳೊಂದಿಗೆ ಇಲ್ಲಿಗೆ ಬಂದ. ಕೆಳಗೆ ತೊಲೆ ಹೊತ್ತ ಮನುಷ್ಯನ ಚಿತ್ರ. ತಲೆ ದಪ್ಪ, ಕಾಲು ಕಡ್ಡಿ. ಇನ್ನೂ ಕೆಳಗೆ ಜಾಗ ಉಳಿದಿತ್ತು. ನನ್ನ ಎಡಗೈ ಊರಿ, ಸುತ್ತ ಗೆರೆ ಎಳೆದು, ಅದನ್ನೂ ಕೆತ್ತಿದೆ. ನನ್ನ ಎಡಗೈ ಕಿರುಬೆರಳು ಸೊಟ್ಟ. ಒಂಬತ್ತನೇ ವಯಸ್ಸಿನಲ್ಲಿ ಕಲ್ಲು ಬಿದ್ದು, ಮೂಳೆ ಕೂಡುವಾಗ ಹೊರಗೆ ಬಾಗಿ ಕೂಡಿಕೊಂಡಿತು. ಅಪ್ಪ ನೋಡಿ ಬಿದ್ದು ಬಿದ್ದು ನಕ್ಕ. "ಸಹಿ ಹಾಕಿದ್ಲು ನೋಡೇ ನಿನ್ನ ಮಗಳು" ಎಂದು ಅಮ್ಮನನ್ನು ಕರೆದು ತೋರಿಸಿದ. ಸವೆದ ಅಕ್ಷರದ ಮೇಲೆ ಅಚ್ಚು ತೆಗೆಯುವುದು ಬೇರೆಯೇ ವಿದ್ಯೆ. ಅದನ್ನು ಕಲಿಸಲು ಆ ಕೆತ್ತನೆಯ ಮೇಲೆ ಮರಳು ಹಾಕಿ ಉಜ್ಜಿ, ಮೂಲೆ ಒಡೆದು, ಸಾವಿರ ವರ್ಷದ ಮುದುಕನ ಹಾಗೆ ಮಾಡಿಟ್ಟ.

ಆ ವಾರ ಅಪ್ಪ ಗುಡ್ಡದಿಂದ ಹನ್ನೊಂದು ಅಚ್ಚು ತಂದಿದ್ದ. ಒಣಗಲು ಹಗ್ಗಕ್ಕೆ ಹಾಕಿದ್ದೆವು. ಅದೇ ಹಗ್ಗದ ತುದಿಯಲ್ಲಿ, ಹಿತ್ತಲ ಕಲ್ಲಿನಿಂದ ನಾನು ತೆಗೆದ ಅಚ್ಚೂ ಇತ್ತು. ಅಪ್ಪನಿಗೆ ಜ್ವರ, ಒಳಗೆ ಮಲಗಿದ್ದ. ಪಂಡಿತರು ಬಂದರು. ದೂರದೂರಿನಲ್ಲಿ ದೊಡ್ಡ ಸಭೆ ಇದೆ, ಹೊಸದೇನಾದರೂ ಬೇಕು ಎಂದು ಅವಸರದಲ್ಲಿದ್ದರು. ನಾನೂ ಅಮ್ಮನೂ ಸಂತೆಗೆ ಹೋಗಿದ್ದೆವು. ಹಗ್ಗದ ಮೇಲಿದ್ದುದನ್ನೆಲ್ಲ ಸುತ್ತಿಕೊಂಡು ಹೊರಟುಹೋದರು.

ಅಪ್ಪ ತಂದ ಹನ್ನೊಂದು ಅಚ್ಚಿನಲ್ಲೂ ಇದ್ದದ್ದು ಒಂದೇ ವಿಷಯ. ಯಾರ ದನ ಎಲ್ಲಿಯವರೆಗೆ ಮೇಯಬಹುದು ಎಂಬ ಗಡಿ. ಹನ್ನೆರಡನೆಯದು ಮಾತ್ರ ಪಂಡಿತರ ನಿದ್ದೆ ಕೆಡಿಸಿತು.

ಬೈಬಲ್ಲಿನಲ್ಲಿ ಸೀಮೋನ ಎಂಬ ಒಬ್ಬ ದಾರಿಹೋಕ ಬರುತ್ತಾನೆ. ಯೇಸುವನ್ನು ಶಿಲುಬೆಗೇರಿಸಲು ಕರೆದೊಯ್ಯುವಾಗ ಸೈನಿಕರು ಅವನನ್ನು ಹಿಡಿದು ಶಿಲುಬೆ ಹೊರಿಸುತ್ತಾರೆ. ಅವನಿಗೆ ಇಬ್ಬರು ಮಕ್ಕಳು ಎಂದೂ ಹೇಳಿದೆ. ಆಮೇಲೆ ಅವನು ಎಲ್ಲಿಗೆ ಹೋದ ಎಂದು ಹೇಳಿಲ್ಲ. ಪಂಡಿತರು ಹೇಳಿದರು. ನಮ್ಮ ಗುಡ್ಡಕ್ಕೆ ಬಂದ! ಬೇರೆಯವರ ಮರ ಹೊತ್ತವನು, ಇಬ್ಬರು ಮಕ್ಕಳ ತಂದೆ, ಪಡುವಣದಿಂದ ವಲಸೆ ಬಂದವನು, ಇಗೋ ಶಿಲಾಶಾಸನ, ಇಗೋ ಚಿತ್ರ. ನಾನೂರು ಪುಟದ ಪುಸ್ತಕ ಬಂತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿಗೆ ಈ ಲೋಕದಲ್ಲಿ ಬರವೇ? ಹಾರ ಬಂತು, ಬಿರುದು ಬಂತು, ನಾಲ್ಕು ಭಾಷೆಗೆ ಪುಸ್ತಕ ಹೋಯಿತು.

ಅಪ್ಪ ಪುಸ್ತಕ ತೆರೆದು ಚಿತ್ರದ ಮೇಲೆ ಬೆರಳಿಟ್ಟ. "ಅಯ್ಯೋ ದೇವರೇ, ಇದು ನಮ್ಮ ಹಿತ್ತಲ ಕಲ್ಲು." ಚಿತ್ರದಲ್ಲಿ ಮೂರು ಸಾಲಿತ್ತು, ತೊಲೆ ಹೊತ್ತವನಿದ್ದ. ಕೈ ಮಾತ್ರ ಇರಲಿಲ್ಲ. ಚಿತ್ರ ಅವನ ಕಾಲಿನ ಕೆಳಗೇ ಮುಗಿದಿತ್ತು.

ಅಪ್ಪ ಅಂದೇ ಪಂಡಿತರ ಮನೆಗೆ ಹೋಗಿ ಎಲ್ಲ ಹೇಳಿದ. ಗುಟ್ಟಾಗಿ, ಮರ್ಯಾದೆಯಿಂದ, ಅವರ ಮಾನ ಉಳಿಯಲಿ ಎಂದು. ಪಂಡಿತರು ಬಾಗಿಲು ಹಾಕಿಕೊಂಡು ಕೇಳಿದರು. "ಆ ಕಲ್ಲು ಒಡೆದುಹಾಕು. ಮಿಕ್ಕಿದ್ದು ನಾನು ನೋಡ್ಕೊತೀನಿ" ಅಂದರು. ಅಪ್ಪ "ಆಯ್ತು ಸಾರ್" ಅಂದ. ಮನೆಗೆ ಬಂದು ಉಳಿಯೂ ಸುತ್ತಿಗೆಯೂ ಹಿಡಿದು ಕಲ್ಲಿನ ಮುಂದೆ ಬಹಳ ಹೊತ್ತು ನಿಂತ. ಮಗಳ ಕೈ ಇದ್ದ ಕಲ್ಲು. ಮನಸ್ಸು ಬರಲಿಲ್ಲ. ಬೋರಲು ಹಾಕಿ, "ಬಟ್ಟೆ ಒಗಿಯೋಕೆ ಇಟ್ಕೋ" ಎಂದು ಅಮ್ಮನಿಗೆ ಹೇಳಿದ.

ಪಂಡಿತರು ಮಿಕ್ಕಿದ್ದು ನೋಡಿಕೊಂಡರು. ಮಾರನೇ ವರ್ಷ ಹೊರಗಿನ ವಿದ್ವಾಂಸರು ಬಂದು ಮೂಲ ಕಲ್ಲು ತೋರಿಸಿ ಎಂದು ಕೇಳಿದಾಗ, ತುಂಬಿದ ಸಭೆಯಲ್ಲಿ ಎದ್ದು ನಿಂತು ಹೇಳಿದರು. "ಏನು ಹೇಳಲಿ, ನಾಚಿಕೆಯ ಸಂಗತಿ. ನಮ್ಮ ಅಚ್ಚುಗಾರನೇ ಆ ಕಲ್ಲನ್ನು ಒಡೆದು ಮಾರಿಕೊಂಡಿದ್ದಾನೆ."

ಅಪ್ಪನ ಕೆಲಸ ಹೋಯಿತು. ಬೀದಿಯಲ್ಲಿ ಅವನ ಹೆಸರು ಕಲ್ಲುಗಳ್ಳ ಎಂದಾಯಿತು. ಅಮ್ಮ ಕಲ್ಲುಗಳ್ಳನ ಹೆಂಡತಿ, ನಾನು ಕಲ್ಲುಗಳ್ಳನ ಮಗಳು. "ಕಲ್ಲು ಇಲ್ಲೇ ಇದೆಯಲ್ಲಪ್ಪಾ, ತೋರಿಸೋಣ" ಎಂದು ನಾನು ಅತ್ತೆ. "ತೋರಿಸಿದ್ರೆ ಕಳ್ಳ ಶಾಸನ ಕೆತ್ತಿದೋಳು ಅಂತ ನಿನ್ನ ಹಿಡೀತಾರೆ ಮಗಾ. ನಾನೊಬ್ಬ ಹೊತ್ಕೊಂಡ್ರೆ ಸಾಕು. ತಾಳಿದವನು ಬಾಳಿಯಾನು" ಎಂದು ಅಮ್ಮನಿಂದಲೂ ನನ್ನಿಂದಲೂ ಮಾತು ತೆಗೆದುಕೊಂಡ. ಅಪ್ಪ ತಾಳಿದ, ಬಾಳಲಿಲ್ಲ. ನಾಲ್ಕನೇ ವರ್ಷ ಹೋಗಿಬಿಟ್ಟ. ಹೊರಲು ನಾಲ್ಕು ಜನ ಸಿಗಲಿಲ್ಲ. ಒಂದು ಕಡೆಗೆ ನಾನೇ ಹೆಗಲು ಕೊಟ್ಟೆ.

ಆಮೇಲೆ ನಾನು ಅದೇ ಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ಕೆಲಸಕ್ಕೆ ಸೇರಿದೆ. ಯಾರ ಮಗಳು ಎಂದು ಗೊತ್ತಿದ್ದೂ ತೆಗೆದುಕೊಂಡರು. ಈ ಕೆಲಸ ಬಲ್ಲವರು ಬೇರೆ ಯಾರೂ ಉಳಿದಿರಲಿಲ್ಲ. ಪಂಡಿತರು ಆಗಾಗ ಬರುತ್ತಿದ್ದರು. "ಏ ಹುಡುಗಿ, ಆ ಸುರುಳಿ ಕೊಡು" ಅನ್ನುತ್ತಿದ್ದರು. ನನಗೆ ನಲವತ್ತಾರು ತುಂಬಿದಾಗಲೂ ನಾನು ಅವರಿಗೆ ಹುಡುಗಿಯೇ. ಕೊಡುತ್ತಿದ್ದೆ. ಒಳಗೆ ಕುದಿಯುತ್ತಿತ್ತು, ಮುಚ್ಚಳ ಹಾಕಿ ಇಟ್ಟಿದ್ದೆ. ಕಲ್ಲಿದೆ, ನಿಜ. ಆದರೆ ತೋರಿಸಿದರೆ, ಪುಸ್ತಕ ನೋಡಿ ಈಗ ಕೆತ್ತಿದ್ದೀಯ ಅನ್ನುತ್ತಾರೆ. ಪುಸ್ತಕದಲ್ಲಿಲ್ಲದ ನನ್ನ ಕೈಯ ಅಚ್ಚನ್ನು ಅವರು ಎಂದೋ ಕತ್ತರಿಸಿ ಒಲೆಗೆ ಹಾಕಿರುತ್ತಾರೆ. ಸಾಕ್ಷಿ ಎಲ್ಲಿಂದ ತರಲಿ?

ಹೀಗಿರುವಾಗ ಸಂಗ್ರಹಾಲಯದಲ್ಲಿ 'ಹೊರೆ ಹೊತ್ತವನ ಕೋಣೆ' ತೆರೆಯುವುದೆಂದು ನಿಶ್ಚಯವಾಯಿತು. ಪಂಡಿತರಿಗೆ ಎಂಬತ್ತು ತುಂಬಿದ ಗೌರವಕ್ಕೆ. ಗೋಡೆಗೆ ಕಲ್ಲಿನ ಫಲಕ ಕೂರಿಸಿದ್ದರು. ಒರೆಸಲು ನನ್ನನ್ನೇ ಕಳಿಸಿದರು. ಒರೆಸುತ್ತ ಓದಿದೆ. "ಮೂಲ ಶಾಸನವನ್ನು ಅಂದಿನ ಅಚ್ಚುಗಾರನು ಒಡೆದು ಮಾರಿದ್ದರಿಂದ ಈ ಪಡಿಯಚ್ಚೊಂದೇ ಉಳಿದಿದೆ."

ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ನೇರ ನಿರ್ದೇಶಕರ ಹತ್ತಿರ ಹೋದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕೆಟ್ಟವರಲ್ಲ, ಸದಾ ಗಡಿಬಿಡಿ.

"ಸಾರ್, ಫಲಕದಲ್ಲಿ ಆ ಸಾಲು ಬೇಕಾ?"

"ಪಂಡಿತರೇ ಬರ್ಕೊಟ್ಟಿದ್ದು ಕಣಮ್ಮ. ನಾನು ತೆಗೆಯೋಕಾಗತ್ತಾ?"

"ಆ ಅಚ್ಚುಗಾರ ನಮ್ಮಪ್ಪ."

ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಗೊತ್ತು. ಹೆಸರು ಹಾಕಿಲ್ವಲ್ಲಮ್ಮ, ಬೇಜಾರು ಮಾಡ್ಕೋಬೇಡಿ."

ಹೆಸರು ಹಾಕದಿದ್ದರೆ ಊರಿಗೆ ತಿಳಿಯದೇ! ಬಾಯಿಮಾತಾಗಿದ್ದ ಕಳ್ಳತನ ಈಗ ಕಲ್ಲಿಗೇರಿತ್ತು. ನಾನು ಸತ್ತ ಮೇಲೂ ಅದು ಅಲ್ಲೇ ಇರುತ್ತದೆ. ಅಪ್ಪನಿಗೆ ಕೊಟ್ಟ ಮಾತು ಆ ಕ್ಷಣವೇ ಮುಗಿಯಿತು.

ಅದೇ ವಾರ ಆ ಅಚ್ಚು ನನ್ನ ಮೇಜಿಗೆ ಬಂತು. ಧೂಳು ತೆಗೆದು, ಹೊಸ ಚೌಕಟ್ಟಿಗೆ ಕೊಡಬೇಕಿತ್ತು. ಪಂಡಿತರು ಅದನ್ನು ರಟ್ಟಿನ ಹಲಗೆಗೆ ಅಂಟಿಸಿ, ಹಿಂಬದಿಗೆ ತೆಳು ಕಾಗದ ಹೊದಿಸಿ, ಆ ಕಾಗದದ ಅಂಚಿನ ಮೇಲೆ ಅಡ್ಡವಾಗಿ ತಮ್ಮ ಸಹಿ, ತಾರೀಖು ಹಾಕಿ ಸಂಗ್ರಹಾಲಯಕ್ಕೆ ಕೊಟ್ಟಿದ್ದರು. ಯಾರೂ ಬಿಚ್ಚಬಾರದು ಎಂದು. ಪುಸ್ತಕ ಬರುವುದಕ್ಕೆ ಮೂರು ತಿಂಗಳು ಮುಂಚಿನ ತಾರೀಖು. ನಾನು ಹಲಗೆಯನ್ನು ಬೋರಲು ಮಾಡಿ, ಹಿಂಬದಿಯ ಕಾಗದದ ಮೇಲೆ ಧೂಳು ಸವರಲು ಬೆರಳಾಡಿಸಿದೆ. ಕೆಳಗಿನ ಕಡೆ ಏನೋ ತಗ್ಗು. ಗೀರಿನ ಹಾಗೆ. ಮತ್ತೆ ಬೆರಳಾಡಿಸಿದೆ. ಒಂದು ಗೀರು ಮೇಲಕ್ಕೆ ಹೋಗಿ ಬಾಗಿ ಕೆಳಗಿಳಿಯಿತು. ಪಕ್ಕದಲ್ಲಿ ಇನ್ನೊಂದು. ಇನ್ನೊಂದು. ಐದನೆಯದು ಹೊರಗೆ ಸೊಟ್ಟಗೆ ಬಾಗಿತ್ತು.

ಅಂಚು ಕತ್ತರಿಸಿರಲಿಲ್ಲ! ಜೀವಮಾನವಿಡೀ ಕತ್ತರಿಸಬೇಡಿ ಎಂದು ಬೋಧಿಸಿದ ಮನುಷ್ಯ, ತನ್ನ ಕೈಯಲ್ಲಿ ಕತ್ತರಿ ಹಿಡಿಯಲಾರದೆ, ಹಲಗೆಯ ಹಿಂದಕ್ಕೆ ಮಡಚಿ ಕಾಗದ ಹೊದಿಸಿಬಿಟ್ಟಿದ್ದರು. ಪುಸ್ತಕ ಬರುವ ಮೊದಲೇ ಅವರ ಕಣ್ಣಿಗೆ ಆ ಕೈ ಬಿದ್ದಿತ್ತು. ತಮ್ಮ ಕಥೆಗೆ ಹೊಂದಲಿಲ್ಲ, ಮಡಚಿದರು. ಅಪ್ಪ ಬಂದು ಅದು ಯಾರ ಕೈ ಎಂದು ಹೇಳಿದ ಮೇಲೂ ಬಿಚ್ಚಲಿಲ್ಲ. ನನಗೆ ನಗು ಬಂತು. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಕಾಗದ ಬಿಚ್ಚಲಿಲ್ಲ. ಉಗುರೂ ತಾಕಿಸಲಿಲ್ಲ. ಆ ಸಹಿ ನನಗೆ ಇದ್ದ ಹಾಗೇ ಬೇಕಿತ್ತು.

ಎರಡು ದಿನದ ನಂತರ ನಿರ್ದೇಶಕರೇ ಬಂದು ಹಳ್ಳಕ್ಕೆ ಬಿದ್ದರು. "ಕಾರ್ಯಕ್ರಮದ ದಿನ ಜನಕ್ಕೆ ಅಚ್ಚು ತೆಗೆಯೋದು ತೋರಿಸೋಣ ಅಂತಿದೀನಿ. ಮೊದಲ ಮಸಿ ಪಂಡಿತರ ಕೈಯಿಂದ. ಚೆನ್ನಾಗಿರೋ ಒಂದು ಕಲ್ಲು ನೋಡಿ."

"ನಮ್ಮನೇಲೇ ಒಂದಿದೆ ಸಾರ್" ಅಂದೆ.

ಅಮ್ಮನಿಗೆ ಹೇಳಿದಾಗ ಅವಳು ಒದ್ದೆ ಬಟ್ಟೆ ಹಿಂಡುತ್ತಿದ್ದಳು. ಹಿಂಡುವುದು ನಿಲ್ಲಿಸಲಿಲ್ಲ. "ನಿನ್ನ ಕೆಲಸ ಹೋಗತ್ತೆ."

"ಹೋಗ್ಲಿ."

"ನಿಮ್ಮಪ್ಪ ಬೇಡ ಅಂದಿದ್ರು."

"ಅಪ್ಪ ಒಳ್ಳೆಯವನು. ನಾನಲ್ಲ."

ಅವಳು ಬಟ್ಟೆ ಕೊಡವಿ ಹಗ್ಗಕ್ಕೆ ಹಾಕಿ ಕಲ್ಲಿನ ಮೇಲೆ ಅಂಗೈ ಇಟ್ಟಳು. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಕಣೇ" ಅಂದಳು. ಆಮೇಲೆ, "ಮುಂದಿನ ಸಾಲಲ್ಲಿ ಕೂರಿಸು ನನ್ನ. ಕಣ್ಣು ಸರಿಯಾಗಿ ಕಾಣಲ್ಲ" ಅಂದಳು.

ನಾಲ್ಕು ಜನ ಹಮಾಲರು ಕಲ್ಲು ಹೊತ್ತು ತಂದು ವೇದಿಕೆಯ ಮೇಲೆ ಒಂದು ಗಟ್ಟಿ ಮಣೆಗೆ ಕೂರಿಸಿದರು. ಸೋಪಿನ ಕರೆ, ಪಾಚಿ ಎಲ್ಲ ಉಜ್ಜಿ ತೆಗೆದಿದ್ದೆ. ಬೆಳಗ್ಗೆ ಎಲ್ಲರೂ ಬರುವ ಮೊದಲೇ ಕಾಗದ ಹಾಸಿ ಹೊಡೆದು ಮುಗಿಸಿದೆ. ಮೇಲೊಂದು ಬಿಳಿ ಬಟ್ಟೆ ಹೊದಿಸಿದೆ. ಹನ್ನೊಂದು ಗಂಟೆಗೆ ಸಭೆ ತುಂಬಿತು. ವಿದ್ವಾಂಸರು, ಪತ್ರಿಕೆಯವರು, ಮುಂದಿನ ಸಾಲುಗಳಲ್ಲಿ ಗುಡ್ಡದವರು ಮೂವತ್ತು ಜನ. ಅವರ ಹಿರಿಯಜ್ಜಿ ಕೋಲೂರಿಕೊಂಡು ಕೂತಿದ್ದಳು. ಅವಳ ಪಕ್ಕದಲ್ಲಿ ನನ್ನ ಅಮ್ಮ. ಹಿಂದೆ, ಗೋಡೆಯ ಮೇಲೆ, ಚೌಕಟ್ಟಿನಲ್ಲಿ ಆ ಅಚ್ಚು.

ಪಂಡಿತರು ಮಾತಾಡಿದರು. ಸೀಮೋನ, ಮರುಭೂಮಿ, ವಲಸೆ, ನಲವತ್ತು ಮನೆ. ಒಂದು ಗಂಟೆ. ಆಮೇಲೆ ನಿರ್ದೇಶಕರು ಅವರ ತೋಳು ಹಿಡಿದು ಕಲ್ಲಿನ ಹತ್ತಿರ ಕರೆತಂದರು. ನಾನು ಮೇಲುಬಟ್ಟೆ ತೆಗೆದೆ. ಬಿಳಿ ಕಾಗದದ ಮೇಲೆ ಬಿಳಿ ಗುಂಡಿಗಳು, ಅವರ ದಪ್ಪ ಕನ್ನಡಕಕ್ಕೆ ಏನೂ ಕಾಣಿಸಲಿಲ್ಲ. ಮಸಿಯ ಗಂಟನ್ನು ಅವರ ಕೈಗೆ ಕೊಟ್ಟೆ.

"ಏ ಹುಡುಗಿ, ಎಲ್ಲಿಂದ ಶುರು ಮಾಡ್ಲಿ?"

"ಮೇಲಿಂದ ಸಾರ್. ನಿಧಾನಕ್ಕೆ ತಟ್ಟಿ."

ತಟ್ಟಿದರು. ಚಪ್ಪಾಳೆ ಬಿತ್ತು. ಅವರಿಗೆ ಖುಷಿಯಾಯಿತು, ಇನ್ನೂ ತಟ್ಟಿದರು. ಮೊದಲ ಸಾಲು ಎದ್ದು ಬಂತು. ಅವರು ಬಗ್ಗಿ ನೋಡಿದರು, ತಟ್ಟುವುದು ನಿಧಾನವಾಯಿತು. ಎರಡನೇ ಸಾಲು ಬಂತು. ಮೂರನೆಯದು ಅರ್ಧ ಬರುವಾಗ ಅವರ ಕೈ ಗಾಳಿಯಲ್ಲಿ ನಿಂತಿತು. ಕನ್ನಡಕದ ಹಿಂದಿನ ಕಣ್ಣು ನನ್ನನ್ನು ನೋಡಿತು. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಅವರು ನನ್ನ ಮುಖ ನೋಡಿದರು.

"ಸಾಕು" ಅಂದರು.

"ಅರ್ಧಕ್ಕೆ ಬಿಟ್ರೆ ಅಚ್ಚು ಕೆಡತ್ತೆ ಸಾರ್." ಅವರ ಮಣಿಕಟ್ಟು ಹಿಡಿದೆ. ಮುದುಕರ ಕೈ, ಕಡ್ಡಿಯ ಹಾಗಿತ್ತು. ಕನಿಕರ ಬರಲಿಲ್ಲ. ಅವರ ಕೈಯಿಂದಲೇ ತಟ್ಟಿಸಿದೆ. ತೊಲೆ ಹೊತ್ತವನು ಎದ್ದು ಬಂದ, ದಪ್ಪ ತಲೆ, ಕಡ್ಡಿ ಕಾಲು. ಸಭೆಯಲ್ಲಿ ಗುಜುಗುಜು ಶುರುವಾಯಿತು. ಜನ ಗೋಡೆ ನೋಡಿದರು, ಕಲ್ಲು ನೋಡಿದರು. ಒಡೆದ ಮೂಲೆಯೂ ಅದೇ, ಎರಡನೇ ಸಾಲಿನ ಬಿರುಕೂ ಅದೇ.

"ಕದ್ದ ಕಲ್ಲು ಇವರ ಮನೇಲೇ ಇದೆ, ನೋಡಿ! ನಾನು ಹೇಳಿರಲಿಲ್ವಾ?" ಎಂದು ಪಂಡಿತರು ಕೂಗಿದರು. ಬುದ್ಧಿ ಇನ್ನೂ ಚುರುಕಾಗಿತ್ತು, ಒಪ್ಪಿಕೊಳ್ಳಬೇಕು.

"ಒಡೆದು ಮಾರಿದ್ದಾರೆ ಅಂತ ಫಲಕದಲ್ಲಿ ಬರೆಸಿದ್ದೀರಿ ಸಾರ್. ಇದು ಒಡೆದಿಲ್ಲ, ಮಾರಿಲ್ಲ."

ಅವರು ತಡವರಿಸಿದರು. ಒಂದು ಮಾತಿಂದ ಇನ್ನೊಂದಕ್ಕೆ ಹಾರಿದರು. "ಹಾಗಾದ್ರೆ ಇದು ನಕಲಿ! ನನ್ನ ಪುಸ್ತಕ ನೋಡ್ಕೊಂಡು ಇವಳೇ ಕೆತ್ತಿದ್ದಾಳೆ!"

"ಹೌದು ಸಾರ್, ನಾನೇ ಕೆತ್ತಿದ್ದು. ಪುಸ್ತಕ ನೋಡಿ ಅಲ್ಲ. ಇನ್ನೂ ಸ್ವಲ್ಪ ಕೆಳಗಿದೆ, ಅಂಚಿನವರೆಗೂ ತಟ್ಟಿ. ನೀವೇ ಹೇಳಿಕೊಟ್ಟ ಪಾಠ."

ಅವರು ಗಂಟು ಬಿಟ್ಟುಬಿಟ್ಟರು. ನಾನೇ ಎತ್ತಿಕೊಂಡು ಕೊನೆಯವರೆಗೂ ತಟ್ಟಿದೆ. ಪುಟ್ಟ ಎಡಗೈ ಎದ್ದು ಬಂತು. ಸೊಟ್ಟ ಕಿರುಬೆರಳಿನ ಸಮೇತ. ಅದರ ಪಕ್ಕದಲ್ಲಿ ನನ್ನ ಎಡಗೈ ಊರಿದೆ. ದೊಡ್ಡದಾಗಿದೆ, ನರ ಎದ್ದಿದೆ, ಬೆರಳು ಮಾತ್ರ ಅದೇ ಸೊಟ್ಟ.

"ಪುಸ್ತಕದಲ್ಲಿ ಈ ಕೈ ಇಲ್ಲ ಸಾರ್. ಪುಸ್ತಕ ನೋಡಿ ಕೆತ್ತಿದ್ರೆ ಇದೆಲ್ಲಿಂದ ಬಂತು?" ಎಂದು ಕೇಳಿ ನಿರ್ದೇಶಕರ ಕಡೆ ತಿರುಗಿದೆ. "ಗೋಡೆ ಮೇಲಿನ ಅಚ್ಚು ಇಳಿಸಿ. ಹಿಂದಿನ ಕಾಗದದ ಮೇಲೆ ಇವರ ಸಹಿ ಇದೆ, ಯಾರೂ ಬಿಚ್ಚಿಲ್ಲ. ಈಗ ನೀವೇ ಬಿಚ್ಚಿ. ಎಲ್ಲರ ಮುಂದೆ."

"ಬಿಚ್ಚಬೇಡಿ" ಅಂದರು ಪಂಡಿತರು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ. ಆ ಮಾತು ಕೇಳಿದ ಮೇಲೆ ನಿರ್ದೇಶಕರೂ ತಡಮಾಡಲಿಲ್ಲ.

ಅವರು ಅಚ್ಚು ಇಳಿಸಿ, ಚೌಕಟ್ಟು ಬಿಚ್ಚಿ, ಒದ್ದೆ ಬ್ರಷ್ಷಿನಿಂದ ಅಂಟು ನೆನೆಸಿದರು. ಸಹಿ ಎರಡು ತುಂಡಾಗಿ ಕಾಗದ ಎದ್ದಿತು. ಮಡಚಿದ ಅಂಚು ಬಿಚ್ಚಿಕೊಂಡಿತು. ಪಂಡಿತರು ಮೂವತ್ತೆರಡು ವರ್ಷದ ಹಿಂದೆ ಬಚ್ಚಿಟ್ಟ ಕೈ ಸಭೆಗೆ ಎದುರಾಯಿತು. ಕೆಳಗೆ ಕಾಗದದ ಅಂಚು ಒರಟಾಗಿ, ಇದ್ದ ಹಾಗೇ ಇತ್ತು. ನಿರ್ದೇಶಕರು ಅದನ್ನು ಎತ್ತಿ ಹಿಡಿದರು. ಮುಂದಿನ ಸಾಲಿನಲ್ಲಿ ಅಮ್ಮ ಎದ್ದು ನಿಂತಿದ್ದಳು.

ನಾನು ಇಷ್ಟನ್ನೇ ಎಣಿಸಿದ್ದೆ. ಗುಡ್ಡದ ಹಿರಿಯಜ್ಜಿಯನ್ನು ಎಣಿಸಿರಲಿಲ್ಲ. ಅವಳು ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದು, ನಾನು ಕೆತ್ತಿದ ದಪ್ಪ ತಲೆಯವನನ್ನು ನೋಡಿದಳು.

"ಇದನ್ನ ನೀನು ಮಾಡಿದ್ದಾ?"

"ಹೌದಜ್ಜಿ. ಚಿಕ್ಕೋಳಿದ್ದೆ. ಕಥೆ ನಿಮ್ಮದೇ, ನಮ್ಮಪ್ಪ ನಿಮ್ಮ ಹತ್ತಿರ ಕೇಳ್ಕೊಂಡು ಬಂದಿದ್ದು."

"ಕಥೆ ನಮ್ಮದು ಅಂತ ನೀನೇನೇ ಹೇಳೋದು? ಕಲ್ಲು ಕೇಳ್ಕೊಂಡು ನಾವು ನಡ್ಕೊಂಡು ಬಂದ್ವಾ?" ಅವಳ ಸಿಟ್ಟು ಪಂಡಿತರ ಮೇಲಿರಲಿಲ್ಲ, ನನ್ನ ಮೇಲಿತ್ತು. "ಪುಸ್ತಕದಲ್ಲಿ ಬಂತು ಅಂತ ಊರಲ್ಲೆಲ್ಲ ಬಾಗಿಲ ಮೇಲೆ ಈ ಚಿತ್ರ ಕೆತ್ತಿಸ್ಕೊಂಡ್ವಲ್ಲೇ ತಾಯಿ. ನಿನ್ನ ಆಟ ಅದು. ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ಯಲ್ಲ. ಒಂದು ಸಲ ಬಂದು ಹೇಳೋಕೆ ನಿನಗೇನಾಗಿತ್ತು?"

ಅವಳು ತನ್ನವರನ್ನು ಕರೆದುಕೊಂಡು ಹೊರಟುಹೋದಳು. ಮೂವತ್ತು ಕುರ್ಚಿ ಖಾಲಿಯಾದವು.

ಪಂಡಿತರು ಇನ್ನೂ ಅಲ್ಲೇ ನಿಂತಿದ್ದರು. ಕೈ ಎರಡೂ ಮಸಿ. ಬಿಳಿ ಅಂಗಿಗೆ ತಾಗದಂತೆ ಮುಂದೆ ಚಾಚಿಕೊಂಡು ನಿಂತಿದ್ದರು. ನಮ್ಮ ಮಸಿ ದೀಪದ ಮಸಿ. ಅಪ್ಪ ಅದಕ್ಕೆ ಎಣ್ಣೆ ಬೆರೆಸಿ ಅರೆಯುವುದನ್ನು ಕಲಿಸಿದ್ದ. ಸೀಮೆಎಣ್ಣೆಯ ಬಟ್ಟೆಯಿಂದ ತಕ್ಷಣ ಒರೆಸದಿದ್ದರೆ ನಾಲ್ಕು ದಿನ ಹೋಗುವುದಿಲ್ಲ. ಹಿಂದೆ ಪಂಡಿತರು ಅಚ್ಚು ಮುಟ್ಟಿದಾಗಲೆಲ್ಲ ಅಪ್ಪ ಅವರ ಒಂದೊಂದು ಬೆರಳನ್ನೂ ಒರೆಸಿಕೊಡುತ್ತಿದ್ದ. ಅವರಿಗೆ ಅದು ನೆನಪಾಗಿರಬೇಕು.

"ಬಟ್ಟೆ ಕೊಡಮ್ಮ" ಅಂದರು. ಹುಡುಗಿ ಅನ್ನಲಿಲ್ಲ.

ಬಟ್ಟೆ ನನ್ನ ಕೈಯಲ್ಲೇ ಇತ್ತು. "ಮೈಕಲ್ಲಿ ಒಂದು ಮಾತು ಹೇಳಿ ಸಾರ್. ಅಚ್ಚುಗಾರ ಕಳ್ಳ ಅಲ್ಲ ಅಂತ. ಆಮೇಲೆ ಕೊಡ್ತೀನಿ."

ಅವರು ನಿರ್ದೇಶಕರನ್ನು ನೋಡಿದರು. ನಿರ್ದೇಶಕರು ಚೌಕಟ್ಟು ನೋಡುತ್ತಿದ್ದರು. ಪಂಡಿತರು ಮೈಕಿನ ಹತ್ತಿರ ಹೋಗಿ ತುಟಿ ಅಲ್ಲಾಡಿಸಿದರು. ಏನೂ ಕೇಳಿಸಲಿಲ್ಲ.

"ಜೋರಾಗಿ" ಎಂದಳು ಅಮ್ಮ, ಕೆಳಗಿನಿಂದ. "ಆವತ್ತು ಜೋರಾಗಿ ಹೇಳಿದ್ರಲ್ಲ."

"ಅಚ್ಚುಗಾರ ಕಳ್ಳನಲ್ಲ" ಎಂದರು ಪಂಡಿತರು. ಮೈಕು ಕಿರುಚಿತು. "ಕಲ್ಲು ಕದ್ದಿಲ್ಲ, ಒಡೆದಿಲ್ಲ. ನಾನು ಸುಳ್ಳು ಹೇಳಿದೆ."

ಅಮ್ಮ ಕೂತಳು. ಸೆರಗಿನಿಂದ ಮುಖ ಮುಚ್ಚಿಕೊಂಡಳು. ಪಂಡಿತರು ತಿರುಗಿ ಬಂದು ನನ್ನ ಮುಂದೆ ಎರಡೂ ಕೈ ಚಾಚಿದರು, ಊಟಕ್ಕೆ ಮುಂಚೆ ಮಕ್ಕಳು ಕೈ ತೋರಿಸುವ ಹಾಗೆ.

ನಾನು ಸೀಮೆಎಣ್ಣೆಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಚೀಲದೊಳಗೆ ಹಾಕಿಕೊಂಡೆ. ಅಮ್ಮನ ಕೈ ಹಿಡಿದು ಬಾಗಿಲ ಕಡೆ ನಡೆದೆ. ಹಿಂದೆ ತಿರುಗಿ ನೋಡಲಿಲ್ಲ.

ಬೀದಿಯಲ್ಲಿ ಬಿಸಿಲಿತ್ತು. ಅಮ್ಮ ಸ್ವಲ್ಪ ದೂರ ನಡೆದಳು. ಆಮೇಲೆ ನಿಂತಳು. "ಹೇಳಿದ್ರಲ್ಲೇ ಪಾಪ. ಬಟ್ಟೆ ಕೊಡಬಹುದಿತ್ತು."

"ಕೊಡಬಹುದಿತ್ತಮ್ಮ" ಅಂದೆ.